ಲೋಡ್ ಮಾಡೋ ಮೊದಲು ಬತ್ತೇರಿಗೆ ಒಂದು ಫೋನು

ಮದ್ದೂರು ಗೇಟಿಗೆ ನಮ್ಮ ಲಾರಿ ತಲುಪಿದಾಗ ರಾತ್ರಿ 9 ಗಂಟೆ 10 ನಿಮಿಷ. ಗೇಟು ಹಾಕಿಯಾಗಿತ್ತು. ಇದು ವಡೆಯ ಮದ್ದೂರಲ್ಲ. ಗುಂಡ್ಲುಪೇಟೆಯಿಂದ ಕೇರಳದ ವಯನಾಡಿನ ಸುಲ್ತಾನ್ ಬತ್ತೇರಿಗೆ ಹೋಗೋ ದಾರಿಯಲ್ಲಿ, ಬಂಡೀಪುರ ಕಾಡಿನ ಅಂಚಿಗಿರೋ ಮದ್ದೂರು. 2009ರಿಂದ ಈ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಿಡೋದಿಲ್ಲ. ಆಂಬುಲೆನ್ಸಿನಂಥವು, ಎರಡೂ ರಾಜ್ಯದ ಕೆಲವೇ ಬಸ್ಸುಗಳನ್ನು ಬಿಟ್ಟರೆ ಉಳಿದವರೆಲ್ಲ ಬೆಳಗಾಗೋವರೆಗೆ ಕಾಯಬೇಕು.

“ಸಾರ್, ಕೇರಳದ ನೆರೆಗೆ ಹೋಗ್ತಿರೋ ಸಾಮಾನು” ಅಂದೆ. ಗಾರ್ಡ್ ಟಾರ್ಚ್ ಹಾಕಿ ಲಾರಿಗೆ ಕಟ್ಟಿದ್ದ ಬ್ಯಾನರನ್ನು ಪೂರ್ತಿ ಓದಿದ. “ಗೊತ್ತಾಯ್ತು ಕಣಣ್ಣ. ಆದ್ರೆ ಆನೆಗೆ ಓದೋಕೆ ಬರಲ್ವಲ್ಲ” ಅಂದ. ನಾನು, ಡ್ರೈವರ್ ಇಬ್ಬರೂ ಕ್ಯಾಬಿನ್ನಿನಲ್ಲೇ ಮಲಗಿದೆವು. ಹಿಂದೆ ಟಾರ್ಪಾಲಿನ ಕೆಳಗೆ ಬ್ರೆಡ್ಡು, ಚಪಾತಿ ಬೆವರುತ್ತಾ ಇದ್ದವು.

ಗುಂಡ್ಲುಪೇಟೆಯಲ್ಲಿ ನನ್ನದು ತರಕಾರಿ ಮಂಡಿ. ಟೊಮೆಟೊ, ಬೀನ್ಸು, ಬೀಟ್‌ರೂಟು, ಕೋಸು ಏನು ಬಂದರೂ ಜಾಸ್ತಿ ಪಾಲು ಹೋಗೋದು ಕೇರಳಕ್ಕೇ. ಆ ಗೇಟಿನ ಟೈಮು ನನಗೆ ಗೊತ್ತಿರಲಿಲ್ಲವಾ? ಚೆನ್ನಾಗಿಯೇ ಗೊತ್ತಿತ್ತು. ಆದರೆ 2018ರ ಆ ಆಗಸ್ಟಿನಲ್ಲಿ ಎಲ್ಲರ ಹಾಗೆ ನನಗೂ ಗಡಿಬಿಡಿ. ಓಣಂಗೆ ಮುಂಚಿನ ಹತ್ತು ದಿನ ನಮಗೆ ವರ್ಷದ ದೊಡ್ಡ ವ್ಯಾಪಾರ. ಆ ಸಲ ಕೇರಳ ಸರ್ಕಾರ ಓಣಂ ಸಂಭ್ರಮಾಚರಣೆಯನ್ನೇ ರದ್ದು ಮಾಡಿತ್ತು. ನಮ್ಮಿಂದ ತರಕಾರಿ ಕೊಳ್ಳುತ್ತಿದ್ದ ಎಷ್ಟೋ ಜನ ಕುಟುಂಬದ ಜೊತೆ ಶಾಲೆಗಳಲ್ಲಿ ಮಲಗಿದ್ದರು. ಸುಮ್ನೆ ಕೂರೋಕೆ ಮನಸ್ಸು ಬರಲಿಲ್ಲ.

ದಾರಿಯದ್ದೂ ಒಂದು ಕಥೆ. ವಯನಾಡಿನಲ್ಲಿ ಬಿದ್ದ ಮಳೆ ಪನಮರಂ, ಮಾನಂದವಾಡಿ ಹೊಳೆಗಳಲ್ಲಿ ಇಳಿದು ಕಬಿನಿಯಾಗಿ ನಮ್ಮ ಕಡೆಗೇ ಬರೋದು. ಅಲ್ಲಿನ ಬಾಣಾಸುರ ಸಾಗರ ಡ್ಯಾಮಿನ ಗೇಟು ತೆಗೆದರೆ ಆ ನೀರಿಗೂ ಇದೇ ದಾರಿ. ಬೀಚನಹಳ್ಳಿ ಡ್ಯಾಮಿನಿಂದ ಹೊರಗೆ ಬಿಟ್ಟರೆ ನಂಜನಗೂಡಿನ ಹತ್ತಿರ ಮಲ್ಲನಮೂಲೆ ಮಠದ ಬಳಿ ಹೆದ್ದಾರಿ ಮೇಲೇ ಹೊಳೆ. ಅಂದರೆ ಅವರನ್ನು ಮುಳುಗಿಸಿದ ನೀರೇ ಬಂದು ನಾವು ಅವರಿಗೆ ಸಾಮಾನು ಕಳಿಸೋ ರಸ್ತೆಯನ್ನು ಕಡಿಯುತ್ತೆ. ಮೈಸೂರಿನಲ್ಲಿ ಲೋಡ್ ಮಾಡಿದ ನಮ್ಮ ಲಾರಿ ಸುತ್ತು ಹಾಕಿಕೊಂಡು ಬಂದು ಮೂರು ಗಂಟೆ ತಡವಾಗಿದ್ದು ಹೀಗೆ. ಆ ಕಡೆ ತಾಮರಶ್ಶೇರಿ ಘಾಟಿಯಲ್ಲಿ ಮಣ್ಣು ಕುಸಿದು ಕೋಳಿಕ್ಕೋಡಿನಿಂದಲೂ ಗಾಡಿ ಸಲೀಸಾಗಿ ಬರುತ್ತಿರಲಿಲ್ಲ. ವಯನಾಡಿಗೆ ಆಗ ನಮ್ಮ ಕಡೆಯ ದಾರಿಯೇ ದೊಡ್ಡ ಆಸರೆ.

ಬೆಳಿಗ್ಗೆ 6ಕ್ಕೆ ಗೇಟು ತೆಗೆದರು. ಮೂಲೆಹೊಳೆ ದಾಟಿ, ಮುತ್ತಂಗ ದಾಟಿ ಬತ್ತೇರಿಗೆ ಹೋದೆವು. ಅಲ್ಲಿ ನಮ್ಮ ಹಳೇ ವ್ಯಾಪಾರಿ ಒಬ್ಬರಿದ್ದಾರೆ, ಎಲ್ಲರೂ ಇಕ್ಕ ಅಂತಲೇ ಕರೆಯೋದು. ಲೋಡ್ ನೋಡಿ ಕೊಳ್ಳೋ ಹಾಗೇ ಟಾರ್ಪಾಲು ಎತ್ತಿ ಮೂಸಿದರು. ಮುಖ ಹಿಂಡಿದರು. ಚಪಾತಿ ಅಂಟಂಟಾಗಿ ಹುಳಿ ವಾಸನೆ ಹೊಡೆಯುತ್ತಿತ್ತು. ಬ್ರೆಡ್ಡಿನ ಅಂಚಿಗೆ ಹಸಿರು ಬೂಷ್ಟು. ಉಳಿದದ್ದು ಒಂದಿಷ್ಟು ಅಕ್ಕಿ ಮೂಟೆ, ಮಿಕ್ಕಿದ್ದೆಲ್ಲ ಬಟ್ಟೆ. ಗಂಟು ಬಿಚ್ಚಿದರೆ ಮೊದಲು ಕೈಗೆ ಬಂದದ್ದು ಜರಿ ಸೀರೆ, ಆಮೇಲೆ ಒಂದು ಮದುವೆ ಕೋಟು. ಇಕ್ಕ ಬೈಯಲಿಲ್ಲ. “ಹೊರಡೋ ಮುಂಚೆ ಒಂದು ಫೋನ್ ಮಾಡೋದಲ್ವಾ?” ಅಂದರು, ಅವರ ಮಲಯಾಳಿ ಕನ್ನಡದಲ್ಲಿ. ಹಾಳಾದ ಊಟ ಎಲ್ಲಿ ಸುರಿಯೋದು ಅನ್ನೋದೇ ಅವತ್ತು ಅವರಿಗೆ ಹೊಸ ಕೆಲಸ ಆಯಿತು.

ಒಂದು ಕ್ರೇಟು ಟೊಮೆಟೊ ಕಳಿಸಬೇಕಾದರೂ ನಾನು ಮೂರು ಸಲ ಫೋನ್ ಮಾಡುತ್ತೇನೆ. ಎಷ್ಟು ಬೇಕು, ಯಾವ ಸೈಜು, ಎಷ್ಟು ಗಂಟೆಗೆ ಇಳಿಸಬೇಕು, ಎಲ್ಲ ಕೇಳುತ್ತೇನೆ. ಸಹಾಯ ಅಂದ ಕೂಡಲೇ ಅದೊಂದನ್ನೂ ಕೇಳಿರಲಿಲ್ಲ. ಪುಕ್ಕಟೆ ಕೊಡೋ ಮಾಲಲ್ವಾ, ಅದಕ್ಕೇ.

ಪೇಪರಿನಲ್ಲಿ ಆಗ ಬರುತ್ತಿದ್ದದ್ದು ಕೋಟಿ ಲೆಕ್ಕ. ಕರ್ನಾಟಕ 10 ಕೋಟಿ, ತೆಲಂಗಾಣ 25 ಕೋಟಿ. ದುಡ್ಡಿಗೆ ಬೂಷ್ಟು ಹಿಡಿಯೋದಿಲ್ಲ, ಅದು ಒಳ್ಳೇದೇ. ಆದರೆ ನನಗೆ ಹಿಡಿಸಿದ್ದು ಒಡಿಶಾದವರು ಮಾಡಿದ ಕೆಲಸ. ಅವರು ಅಗ್ನಿಶಾಮಕ ದಳದ ಜನರನ್ನು ದೋಣಿಗಳ ಸಮೇತ ಕಳಿಸಿದರು. 1999ರ ಮಹಾ ಚಂಡಮಾರುತ ಕಂಡ ರಾಜ್ಯ ಅದು. ನೀರಿನಿಂದ ಜನರನ್ನು ಎತ್ತೋದು ಹೇಗೆ ಅಂತ ಗೊತ್ತಿರೋರು, ಬೇಕಾದ ಸಾಮಾನನ್ನೂ ತಾವೇ ತಂದರು. ಮರುವರ್ಷ ಮೇ ತಿಂಗಳಲ್ಲಿ ಫಾನಿ ಚಂಡಮಾರುತ ಒಡಿಶಾಕ್ಕೆ ಬಡಿದಾಗ ಕೇರಳ 10 ಕೋಟಿ ಕೊಟ್ಟಿತು.

ನಮ್ಮ ಎರಡನೇ ಲಾರಿ ಬೇರೆ ಥರ ಹೋಯಿತು. ಇಕ್ಕ ಫೋನಿನಲ್ಲಿ ಹೇಳಿದ್ದನ್ನು ಮಂಡಿಯ ಬಿಲ್ ಬುಕ್ಕಿನ ಹಿಂದೆ ಬರೆದುಕೊಂಡೆ. ಕುಚ್ಚಲಕ್ಕಿ. ನಾನು ಸೋನಾ ಮಸೂರಿ ಕಳಿಸೋನಿದ್ದೆ. ಅವರು ದಿನಾ ಉಣ್ಣೋದು ಅದಲ್ಲ ಅಂತ ಗೊತ್ತಿದ್ದೂ ಮರೆತಿದ್ದೆ. ನೈಟಿ, ಲುಂಗಿ, ಹೊಸ ಒಳಉಡುಪು, ಪ್ಯಾಡು, ಚಾಪೆ. ನೀರು ಇಳಿಯುತ್ತಾ ಬಂದಂತೆ ಪಟ್ಟಿ ಬದಲಾಯಿತು. ಅಕ್ಕಿ ಸಾಕು, ಬ್ಲೀಚಿಂಗ್ ಪೌಡರ್ ಕಳಿಸಿ. ಪೊರಕೆ, ಸಲಿಕೆ, ಕೈಗವಸು, ಗಮ್ ಬೂಟು ಕಳಿಸಿ. ಕೆಸರಿನಲ್ಲಿ ಬರಿಗಾಲಲ್ಲಿ ಮನೆ ತೊಳೆದವರಿಗೆ ಇಲಿಜ್ವರ ಬರುತ್ತಿತ್ತು. ಸರ್ಕಾರದವರು ಡಾಕ್ಸಿಸೈಕ್ಲಿನ್ ಮಾತ್ರೆ ಹಂಚುತ್ತಿದ್ದರು. ಮೈಸೂರಿನ ಒಂದು ಸಂಸ್ಥೆಯವರು ನಮಗೆ ಕೊಟ್ಟಿದ್ದ ಔಷಧಿ ಡಬ್ಬದಲ್ಲಿ ಅರ್ಧಕ್ಕರ್ಧ ತಾರೀಖು ಮುಗಿಯೋಕೆ ಬಂದಿದ್ದವು. ವಾಪಸ್ ಕೊಟ್ಟೆ. ಅವರಿಗೆ ಬೇಜಾರಾಯಿತು, ಇವತ್ತಿಗೂ ಸರಿಯಾಗಿ ಮಾತಾಡಲ್ಲ.

ಮೊದಲ ಸಲ 50 ಕೆಜಿ ಮೂಟೆ ಕಳಿಸಿದ್ದೆವು. ನಮ್ಮಲ್ಲಿ ಹಮಾಲರು ಬೆನ್ನಿಗೆ ಹಾಕಿಕೊಂಡು ಹೋಗಿಬಿಡುತ್ತಾರೆ. ಅಲ್ಲಿ ಇಳಿಸೋಕೆ ನಿಂತಿದ್ದೋರು ಕಾಲೇಜು ಹುಡುಗಿಯರು. ಮೂಟೆಯನ್ನು ನಾಲ್ಕು ಜನ ಎಳೆದು ನೆಲಕ್ಕೆ ಕೆಡವಿದರು, ಚೀಲ ಒಡೆದು ಅಕ್ಕಿಯೆಲ್ಲ ಕೆಸರು. ಎರಡನೇ ಸಲದಿಂದ ಎಲ್ಲವೂ ಟೊಮೆಟೊ ಕ್ರೇಟಿನಲ್ಲೇ. ಒಂದೊಂದಕ್ಕೂ 15 ಕೆಜಿ ಮೀರದ ಹಾಗೆ ತುಂಬಿದೆವು. ಒಂದರ ಮೇಲೊಂದು ಜೋಡಿಸಬಹುದು, ಎರಡು ಕಡೆ ಹಿಡಿ, ಅಡಿಯಲ್ಲಿ ನೀರು ನಿಲ್ಲಲ್ಲ. ಹೇಗೂ ಖಾಲಿ ಕ್ರೇಟು ಮುಂದಿನ ತರಕಾರಿ ಗಾಡಿಯಲ್ಲಿ ವಾಪಸ್ ಬರುತ್ತವೆ.

ಇನ್ನೊಂದು ಎಡವಟ್ಟು ಚೀಟಿಯದ್ದು. ‘ಮಹಿಳೆಯರ ಬಟ್ಟೆ’, ‘ಮಕ್ಕಳ ಆಹಾರ’ ಅಂತ ಮುದ್ದಾಗಿ ಕನ್ನಡದಲ್ಲಿ ಬರೆದು ಅಂಟಿಸಿದ್ದೆವು. ಅಲ್ಲಿ ಓದೋರು ಯಾರು? ಆಮೇಲೆ ನಮ್ಮ ಡ್ರೈವರಿಂದಲೇ ಮಲಯಾಳದಲ್ಲಿ ಬರೆಸಿದೆ. ಇಪ್ಪತ್ತು ವರ್ಷ ಕೋಳಿಕ್ಕೋಡ್ ಲೈನಿನಲ್ಲಿ ಓಡಿಸಿದ್ದಾನೆ, ಬೋರ್ಡು ಓದಿ ಓದಿಯೇ ಅಕ್ಷರ ಕಲಿತವನು. ಅಕ್ಕಿಗೆ ‘ಅರಿ’ ಅಂತ ಬರೆದ, ಹೊದಿಕೆಗೆ ‘ಪುದಪ್ಪ್’. ಜೊತೆಗೆ ಊಟದ ಸಾಮಾನಿಗೆ ಹಸಿರು ದಾರ, ತೊಳೆಯೋ ಸಾಮಾನಿಗೆ ಕೆಂಪು ದಾರ ಕಟ್ಟಿದೆವು. ಕತ್ತಲಲ್ಲಿ ಟಾರ್ಚ್ ಬೆಳಕಿನಲ್ಲೂ ಗೊತ್ತಾಗುತ್ತೆ. ಬ್ಯಾನರ್ ಮಾತ್ರ ಕಟ್ಟಲಿಲ್ಲ. ಆ ಬಟ್ಟೆಯಲ್ಲಿ ನಾಲ್ಕು ಕ್ರೇಟು ಮುಚ್ಚಬಹುದಿತ್ತು. ಗುಂಡ್ಲುಪೇಟೆ ಬಿಟ್ಟದ್ದು ಮಧ್ಯಾಹ್ನ 2ಕ್ಕೆ. ಗೇಟಿನಲ್ಲಿ ಅದೇ ಗಾರ್ಡು, ನಕ್ಕು ಬಿಟ್ಟ.

2019ರ ಆಗಸ್ಟ್ 8ಕ್ಕೆ ವಯನಾಡಿನ ಪುತ್ತುಮಲದಲ್ಲಿ ಗುಡ್ಡ ಜಾರಿತು. ಅದೇ ವಾರ ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯೂ ನೆರೆ. ಎಲ್ಲಿಗೆ ಕಳಿಸೋದು ಅಂತ ಮಂಡಿಯಲ್ಲಿ ದೊಡ್ಡ ಜಗಳವೇ ಆಯಿತು. ದೂರ ನೋಡಿ ತೀರ್ಮಾನ ಮಾಡಿದೆವು. ಬತ್ತೇರಿ 55 ಕಿಲೋಮೀಟರ್ ಚಿಲ್ಲರೆ, ಬೆಳಗಾವಿಗೆ ನಮ್ಮ ಲಾರಿ ಹೋಗೋ ಡೀಸೆಲ್ಲಿಗೆ ಅಲ್ಲೇ ಸಾಮಾನು ಕೊಳ್ಳಬಹುದು. ಆ ಕಡೆಗೆ ದುಡ್ಡು, ಈ ಕಡೆಗೆ ಗಾಡಿ.

2024ರ ಜುಲೈ 30ರ ಬೆಳಗಿನ ಜಾವ ವಯನಾಡಿನ ಮುಂಡಕೈ, ಚೂರಲ್‌ಮಲ ಗುಡ್ಡ ಜಾರಿ ಕೊಚ್ಚಿಹೋದಾಗ ಕಥೆಯೇ ಬೇರೆ. ಸತ್ತವರಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯಿಂದ ಹೋಗಿ ನೆಲೆಸಿದ್ದವರೂ ಇದ್ದರು. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಚೂರಲ್‌ಮಲದಲ್ಲಿ ಬಿಡಿಭಾಗ ಜೋಡಿಸಿ ಕಟ್ಟೋ 190 ಅಡಿ ಉದ್ದದ ಬೈಲಿ ಸೇತುವೆಯನ್ನು ಆಗಸ್ಟ್ 1ಕ್ಕೆ ಕಟ್ಟಿ ಮುಗಿಸಿದರು. ಕರ್ನಾಟಕದಿಂದ 100 ಮನೆ ಕಟ್ಟಿಸಿಕೊಡುತ್ತೇವೆ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು. ನಮ್ಮ ಮಂಡಿಯಲ್ಲೂ ಹುಡುಗರು ಕ್ರೇಟು ತೊಳೆದು ನಿಂತಿದ್ದರು. ಇಕ್ಕನಿಗೆ ಫೋನ್ ಮಾಡಿದೆ.

“ಅಕ್ಕಿ ಬೇಡ, ಬಟ್ಟೆ ಬೇಡ, ನೀರು ಬೇಡ. ಇಡೋಕೆ ಜಾಗ ಇಲ್ಲ” ಅಂದರು. ಹುಡುಗರಿಗೆ ನಿರಾಸೆ. ಮೂರು ವಾರ ಸುಮ್ನೆ ಇದ್ದೆವು. ಸುಮ್ನೆ ಇರೋದು ಎಷ್ಟು ಕಷ್ಟ ಅಂತ ಆವಾಗ ಗೊತ್ತಾಯಿತು.

ಆಗಸ್ಟ್ ಮುಗಿಯುತ್ತಾ ಬಂದಾಗ ಅವರದೇ ಫೋನು. ಕ್ಯಾಂಪಿನಲ್ಲಿದ್ದ ಕುಟುಂಬಗಳನ್ನು ಬಾಡಿಗೆ ಮನೆಗೆ ಕಳಿಸುತ್ತಿದ್ದರು. ಬಾಡಿಗೆಗೆ ಅಂತ ಅಲ್ಲಿನ ಸರ್ಕಾರ ತಿಂಗಳಿಗೆ 6,000 ರೂಪಾಯಿವರೆಗೆ ಕೊಡುತ್ತಿತ್ತು. ಮಂಚ, ಪಾತ್ರೆ, ಗ್ಯಾಸ್ ಸ್ಟೌ ಎಲ್ಲ ಬಂದು ಒಂದು ಕಡೆ ಬಿದ್ದಿದೆ, ಮನೆ ಮನೆಗೆ ಸಾಗಿಸೋಕೆ ಗಾಡಿ ಸಾಲದು. “ಒಂದು ಈಚರ್ ಕಳಿಸಿ, ಖಾಲಿ. ನಾಲ್ಕು ದಿನಕ್ಕೆ” ಅಂದರು.

ಡ್ರೈವರ್ ಕೀ ತಗೊಂಡು ಹಿಂದೆ ಬಗ್ಗಿ ನೋಡಿದ. ಲಾರಿಯಲ್ಲಿ ಹಗ್ಗ, ಟಾರ್ಪಾಲು ಬಿಟ್ಟರೆ ಏನೂ ಇಲ್ಲ.

“ಲೋಡಿಲ್ದೆ ಹೋದ್ರೆ ಗೇಟಲ್ಲಿ ಏನಂತ ಬರೆಸಲಿ ಅಣ್ಣ?”

“ಖಾಲಿ ಅಂತಲೇ ಬರೆಸು” ಅಂದೆ. “ಒಂಬತ್ತರ ಒಳಗೆ ದಾಟು.”