ನಾಳೆಗೆ ಅರ್ಧ ವಾಕ್ಯ ಉಳಿಸಿಡಿ
ಮಹಾಪ್ರಬಂಧ ಬರೆಯುತ್ತಿರುವ ಹಾಸನ, ಚಿಕ್ಕಮಗಳೂರಿನ ಗೆಳೆಯರೇ, ದಿನದ ಬರವಣಿಗೆಯನ್ನು ಅಧ್ಯಾಯವೋ ಪುಟವೋ ಮುಗಿದ ಜಾಗದಲ್ಲಿ ನಿಲ್ಲಿಸಬೇಡಿ. ಮುಂದೇನು ಎಂದು ಚೆನ್ನಾಗಿ ಗೊತ್ತಿರುವ ವಾಕ್ಯದ ನಡುವೆಯೇ ನಿಲ್ಲಿಸಿ. “ಹಲ್ಮಿಡಿ ಶಾಸನದ 16 ಸಾಲುಗಳಲ್ಲಿ ಸಂಸ್ಕೃತ ಪದಗಳು ಇಷ್ಟೊಂದು ಇರುವುದಕ್ಕೆ ಮುಖ್ಯ ಕಾರಣ” ಎಂದು ಅಷ್ಟಕ್ಕೇ ಬಿಟ್ಟು, ಮುಂದಿನ ಎರಡು ಅಂಶಗಳನ್ನು ಕೆಳಗೆ ಕೆಂಪು ಅಕ್ಷರದಲ್ಲಿ ಗುರುತು ಹಾಕಿಕೊಂಡು ಏಳಿ. ಮುಂದೂಡುವ ಚಾಳಿ ಹುಟ್ಟುವುದೇ ಎಲ್ಲಿಂದ ಶುರು ಮಾಡಲಿ ಎಂಬ ಅಳುಕಿನಲ್ಲಿ. ಅರ್ಧ ವಾಕ್ಯ ಆ ಪ್ರಶ್ನೆಯನ್ನೇ ಉಳಿಸುವುದಿಲ್ಲ. ನಡುವೆ ತಡೆದ ಕೆಲಸಕ್ಕೆ ಜನ ತಾವಾಗಿಯೇ ಮರಳುತ್ತಾರೆ ಎಂಬುದನ್ನು ಮನಶ್ಶಾಸ್ತ್ರಜ್ಞೆ ಮಾರಿಯಾ ಓವ್ಸಿಯಾಂಕಿನಾ 1928ರಲ್ಲೇ ಪ್ರಯೋಗಗಳಿಂದ ತೋರಿಸಿದ್ದರು. ಬೇಲೂರು ದಾರಿಯ ಬಸ್ಸಿನಲ್ಲಿ ದಿನವೂ ಓಡಾಡಿ, ಪಾಠ ಮಾಡಿ, ರಾತ್ರಿ ಅರ್ಧ ಗಂಟೆ ಮಾತ್ರ ಸಿಗುವವರಿಗೆ ಇದು ನಿಜಕ್ಕೂ ವರ. ಆದರೆ ನಾಲ್ಕೈದು ದಿನ ಬಿಟ್ಟರೆ ಎಳೆ ತಪ್ಪುತ್ತದೆ, ಆ ಸಾಲು ಬೇರೆ ಯಾರೋ ಬರೆದಂತೆ ಕಾಣುತ್ತದೆ. ಕಾಫಿ ಕೊಯ್ಲಿಗೆಂದು ಊರಿಗೆ ಹೊರಡುವವರು ವಾಕ್ಯ ಮುಗಿಸಿಯೇ ಹೊರಡಿ. ವಾದವೇ ಇನ್ನೂ ತಿಳಿಯಾಗದ ಅಧ್ಯಾಯಕ್ಕೂ ಈ ಉಪಾಯ ನಡೆಯದು. ಅಲ್ಲಿ ಮಾರ್ಗದರ್ಶಕರ ಜೊತೆ ಕುಳಿತು ಮಾತನಾಡುವುದೇ ದಾರಿ.