ತಡವಾಗಿ ಕಟ್ಟಿದ ಜಿಎಸ್‌ಟಿಗೆ ದಂಡ: ಮೇಲ್ಮನವಿ ಸಲ್ಲಿಸುವುದು ಹೇಗೆ?

ಜಿಎಸ್‌ಟಿಯನ್ನು ಗಡುವು ಮೀರಿ ಕಟ್ಟಿದ ವ್ಯಾಪಾರಿಯ ಮೇಲೆ ಮೂರು ಬಗೆಯ ಹೊರೆ ಬೀಳಬಹುದು: ವಾರ್ಷಿಕ ಶೇ 18ರ ಬಡ್ಡಿ, ರಿಟರ್ನ್ ತಡವಾದದ್ದಕ್ಕೆ ವಿಳಂಬ ಶುಲ್ಕ, ಇವುಗಳ ಜೊತೆಗೆ ದಂಡ. ಮೊದಲೆರಡೂ ಜಿಎಸ್‌ಟಿ ಕಾಯ್ದೆಯ ಪ್ರಕಾರ ತಾವಾಗಿಯೇ ಬೀಳುವಂಥವು. ಲೆಕ್ಕದಲ್ಲಿ ತಪ್ಪಿದ್ದರೆ ಹೊರತು ಅವುಗಳ ವಿರುದ್ಧ ವಾದಿಸಿ ಹೆಚ್ಚು ಪ್ರಯೋಜನವಿಲ್ಲ. ದಂಡವನ್ನಾದರೋ ಅಧಿಕಾರಿಯು ನೋಟಿಸ್ ಕೊಟ್ಟು, ಉತ್ತರ ಕೇಳಿ, ಕಾರಣ ಬರೆದು ವಿಧಿಸಬೇಕಾಗುತ್ತದೆ. ಮೇಲ್ಮನವಿಗೆ ಹುರುಳಿರುವುದು ಇಲ್ಲಿಯೇ.

ಮೊದಲು ಆದೇಶದ ದಿನಾಂಕ ನೋಡಿಕೊಳ್ಳಿ. ಸೆಕ್ಷನ್ 107ರ ಪ್ರಕಾರ ಆದೇಶ ತಲುಪಿದ ದಿನದಿಂದ ಮೂರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ತಕ್ಕ ಕಾರಣ ತೋರಿಸಿದರೆ ಇನ್ನೊಂದು ತಿಂಗಳ ವಿಳಂಬವನ್ನು ಮನ್ನಿಸಬಹುದು, ಅದಕ್ಕಿಂತ ಹೆಚ್ಚಿನದನ್ನು ಮನ್ನಿಸುವ ಅಧಿಕಾರ ಮೇಲ್ಮನವಿ ಪ್ರಾಧಿಕಾರಕ್ಕಿಲ್ಲ. ನೋಂದಣಿಯಲ್ಲಿ ತೆರಿಗೆ ಸಲಹೆಗಾರರ ಇಮೇಲ್, ಮೊಬೈಲ್ ಸಂಖ್ಯೆಯನ್ನೇ ಕೊಟ್ಟವರಿಗೆ ಆದೇಶ ಬಂದದ್ದೇ ತಿಳಿಯದೆ ಹೋಗುವುದುಂಟು. ಪೋರ್ಟಲ್‌ನಲ್ಲಿ ‘ಸರ್ವಿಸಸ್’, ‘ಯೂಸರ್ ಸರ್ವಿಸಸ್’ ಅಡಿಯಲ್ಲಿರುವ ‘ವ್ಯೂ ಅಡಿಷನಲ್ ನೋಟಿಸಸ್/ಆರ್ಡರ್ಸ್’ ಪುಟವನ್ನು ಆಗಾಗ ತೆರೆದು ನೋಡುವುದು ಒಳಿತು.

ಅನಂತರ, ದಂಡ ಯಾವ ಸೆಕ್ಷನ್ ಅಡಿ ಬಿದ್ದಿದೆ ಎಂಬುದನ್ನು ಗುರುತಿಸಿ. ವಂಚನೆಯ ಆರೋಪವಿಲ್ಲದ ಪ್ರಕರಣಗಳಿಗೆ 2023–24ರವರೆಗೆ ಸೆಕ್ಷನ್ 73, ಆಮೇಲಿನ ವರ್ಷಗಳಿಗೆ 74ಎ ಅನ್ವಯಿಸುತ್ತದೆ. ಎರಡರಲ್ಲೂ ದಂಡವು ತೆರಿಗೆಯ ಶೇ 10 ಅಥವಾ ₹10,000, ಯಾವುದು ಹೆಚ್ಚೋ ಅದು. ತಾವೇ ಘೋಷಿಸಿದ ತೆರಿಗೆಯನ್ನು ಗಡುವಿನಿಂದ 30 ದಿನಗಳೊಳಗೆ ಕಟ್ಟದಿದ್ದರೆ ದಂಡ ತಪ್ಪದು ಎನ್ನುವ 73(11)ನೇ ಉಪವಿಧಿಯೇ ಅಧಿಕಾರಿಗಳಿಗೆ ಮುಖ್ಯ ಆಧಾರ. ಆದರೆ 2018ರ ಡಿಸೆಂಬರ್ 31ರಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ ಹೊರಡಿಸಿದ 76/50/2018ನೇ ಸುತ್ತೋಲೆಯನ್ನು ಬಹಳ ಮಂದಿ ಓದಿಯೇ ಇರುವುದಿಲ್ಲ. ತಡವಾದರೂ ಬಡ್ಡಿ ಸಮೇತ ತೆರಿಗೆ ಕಟ್ಟಿ 3ಬಿ (ತೆರಿಗೆ ಲೆಕ್ಕದ ಸಾರಾಂಶ) ರಿಟರ್ನ್ ಸಲ್ಲಿಸಿದ್ದರೆ ಸಾಮಾನ್ಯವಾಗಿ ಸೆಕ್ಷನ್ 73 ಅನ್ನೇ ಪ್ರಯೋಗಿಸುವುದಿಲ್ಲವಾದ್ದರಿಂದ 73(11)ರ ದಂಡವೂ ಸಲ್ಲದು, ಸೆಕ್ಷನ್ 125ರ ಸಾಮಾನ್ಯ ದಂಡವನ್ನು ಮಾತ್ರ ಕ್ರಮಬದ್ಧವಾಗಿ ವಿಧಿಸಬಹುದು ಎಂದು ಅದು ಸ್ಪಷ್ಟಪಡಿಸಿದೆ.

ಉದಾಹರಣೆಗೆ, 2023ರ ಮಾರ್ಚ್ ತಿಂಗಳ 3ಬಿಗೆ ಏಪ್ರಿಲ್ 20 ಗಡುವಾಗಿದ್ದು, ಅಂಗಡಿಯವರು ಜೂನ್ 10ರಂದು ಎಲ್ಲವನ್ನೂ ಕಟ್ಟಿದ್ದಾರೆ, ನೋಟಿಸ್ ಬಂದದ್ದು ಆಗಸ್ಟ್‌ನಲ್ಲಿ ಎಂದುಕೊಳ್ಳೋಣ. ‘ವ್ಯಾಪಾರ ಕುಸಿದಿತ್ತು, ದಯವಿಟ್ಟು ಮನ್ನಿಸಿ’ ಎಂದು ಬರೆಯುವುದಕ್ಕಿಂತ ಈ ಮೂರು ದಿನಾಂಕಗಳನ್ನೂ ಸುತ್ತೋಲೆಯ ಸಂಖ್ಯೆಯನ್ನೂ ಒಂದೇ ಪ್ಯಾರಾದಲ್ಲಿ ಜೋಡಿಸಿ ಬರೆಯುವುದು ಹೆಚ್ಚು ಬಲವಾದ ಆಧಾರ. ಖುದ್ದು ವಿಚಾರಣೆಗೆ ಅವಕಾಶ ಕೊಡದೆ ದಂಡ ಹಾಕಿದ್ದರೆ, ಅಂಥ ಅವಕಾಶ ಕೊಡಬೇಕೆನ್ನುವ ಸೆಕ್ಷನ್ 75(4) ಅನ್ನೂ ಸೇರಿಸಿ. ಸಣ್ಣಪುಟ್ಟ ಲೋಪಕ್ಕೆ ದಂಡ ಬೇಡವೆನ್ನುವ ಸೆಕ್ಷನ್ 126 ಅನ್ನು ಎಲ್ಲರೂ ಉಲ್ಲೇಖಿಸುತ್ತಾರೆ; ಆದರೆ ನಿಗದಿತ ಮೊತ್ತದ ಅಥವಾ ನಿಗದಿತ ಶೇಕಡಾವಾರು ದಂಡಕ್ಕೆ ಅದು ಅನ್ವಯಿಸುವುದಿಲ್ಲ.

ಮೇಲ್ಮನವಿಗೆ ಮುನ್ನ ಠೇವಣಿ ಕಟ್ಟಬೇಕು. ಒಪ್ಪಿಕೊಂಡ ಬಾಕಿಯನ್ನು ಪೂರ್ತಿಯಾಗಿ, ವಿವಾದಿತ ತೆರಿಗೆಯ ಶೇ 10ರಷ್ಟನ್ನು ತುಂಬಬೇಕು. ತೆರಿಗೆಯ ಬೇಡಿಕೆಯಿಲ್ಲದೆ ದಂಡವೊಂದನ್ನೇ ವಿಧಿಸಿದ ಆದೇಶವಾದರೆ, 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ದಂಡದ ಶೇ 10. ಇಷ್ಟು ಕಟ್ಟಿ ಮೇಲ್ಮನವಿ ಸಲ್ಲಿಸಿದರೆ ಉಳಿದ ಮೊತ್ತದ ವಸೂಲಿಗೆ ತಾನಾಗಿಯೇ ತಡೆ ಬೀಳುತ್ತದೆ.

ಅರ್ಜಿಯ ನಮೂನೆ ಎಪಿಎಲ್-01. ಪೋರ್ಟಲ್‌ನ ‘ಮೈ ಅಪ್ಲಿಕೇಷನ್ಸ್’ನಲ್ಲಿ ಸಿಗುತ್ತದೆ. ಪ್ರಕರಣದ ಸಂಗತಿಗಳನ್ನೂ ಆಕ್ಷೇಪದ ಆಧಾರಗಳನ್ನೂ ಬೇರೆ ಬೇರೆ ಶೀರ್ಷಿಕೆಯಡಿ ಬರೆದು, ಆದೇಶ, ನೋಟಿಸ್, ಅದಕ್ಕೆ ಕೊಟ್ಟ ಉತ್ತರ, ಚಲನ್ ಹಾಗೂ ನಗದು ಲೆಡ್ಜರ್‌ನ ಪ್ರತಿಗಳನ್ನು ಲಗತ್ತಿಸಿ, ಡಿಜಿಟಲ್ ಸಹಿ ಅಥವಾ ಒಟಿಪಿ ಮೂಲಕ ಸಲ್ಲಿಸಿ.

ವಿಚಾರಣೆಯಲ್ಲಿ ಹೊಸ ದಾಖಲೆ ಹಾಜರುಪಡಿಸಲು ಅವಕಾಶ ಸೀಮಿತವಾಗಿದೆ. ಮೇಲ್ಮನವಿ ಪ್ರಾಧಿಕಾರವು ಆದೇಶವನ್ನು ಎತ್ತಿಹಿಡಿಯಬಹುದು, ಮಾರ್ಪಡಿಸಬಹುದು, ರದ್ದುಪಡಿಸಬಹುದು. ಕೆಳಗಿನ ಅಧಿಕಾರಿಗೆ ಮರಳಿ ಕಳಿಸುವಂತಿಲ್ಲ. ಗೆದ್ದರೆ ಠೇವಣಿಯು ಕಟ್ಟಿದ ದಿನದಿಂದ ಬಡ್ಡಿ ಸಮೇತ ಹಿಂದಿರುಗುತ್ತದೆ. ಸೋತರೆ ಮುಂದಿನ ಮೆಟ್ಟಿಲು ಜಿಎಸ್‌ಟಿ ಮೇಲ್ಮನವಿ ನ್ಯಾಯಮಂಡಳಿ.