ಪುಟ್ಟ ದ್ವೀಪಕ್ಕೆ ಡೈವಿಂಗ್‌ಗೆ ಹೊರಟಿದ್ದೀರಾ? ನೀರಿಗಿಂತ ಮೊದಲು ದಡ ನೋಡಿ

ಡೈವಿಂಗ್‌ಗೆ ದ್ವೀಪ ಹುಡುಕುವಾಗ ನಾವೆಲ್ಲ ಮೊದಲು ನೋಡುವುದು ನೀರೊಳಗಿನ ಫೋಟೋ. ಅದು ಯಾವ ವರ್ಷದ್ದೋ ಏನೋ. ನೀವು ದಡದಿಂದ ಶುರು ಮಾಡಿ. ಸಮುದ್ರ ಬಿಸಿಯಾಗುತ್ತಿರುವುದು ನಾವು ನೋಡಲು ಹೋಗುವ ಜೀವಂತ ಹವಳಕ್ಕೆ ದೊಡ್ಡ ಪೆಟ್ಟು, ನಿಜ, ಅದನ್ನು ಒಂದು ದ್ವೀಪ ತಡೆಯಲಾರದು. ಆದರೆ ಬಿಸಿಗೆ ಸೊರಗಿದ ಹವಳದ ಮೇಲೆ ಹೋಟೆಲುಗಳ ಕೊಳಚೆ, ಕಟ್ಟಡ ಕೆಲಸದ ಕೆಸರು ಕೂಡ ಬಿದ್ದರೆ ಅದು ಚೇತರಿಸಿಕೊಳ್ಳುವುದಾದರೂ ಹೇಗೆ?

ಹಳೆಯ ಮತ್ತು ಹೊಸ ಉಪಗ್ರಹ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹತ್ತು ವರ್ಷದ ಹಿಂದೆ ಹಸಿರಿದ್ದ ಗುಡ್ಡ ಈಗ ಕೆಂಪು ಮಣ್ಣಾಗಿದೆಯಾ? ಹಾಗಿದ್ದರೆ ಪ್ರತಿ ಮಳೆಗೂ ಆ ಮಣ್ಣು ಕೆಳಗಿನ ಹವಳದ ಮೇಲೆ ಇಳಿಯುತ್ತದೆ. ಹವಳದ ಒಳಗಿರುವ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ಮಾಡಿಕೊಡುತ್ತದೆ, ಹವಳ ಬದುಕುವುದು ಹೆಚ್ಚಾಗಿ ಅದರಿಂದಲೇ. ಕೆಸರು ಬಿಸಿಲನ್ನೇ ಮುಚ್ಚಿಬಿಡುತ್ತದೆ.

ಆಮೇಲೆ ರೂಮ್ ಬುಕ್ ಮಾಡುವ ಮುಂಚೆ ಒಂದು ಪ್ರಶ್ನೆ ಕೇಳಿ: ನಿಮ್ಮ ಶೌಚಾಲಯದ ನೀರು ಎಲ್ಲಿಗೆ ಹೋಗುತ್ತದೆ? ಮುಜುಗರ ಬೇಡ. ಫಿಲಿಪ್ಪೀನ್ಸ್‌ನ ಬೊರಾಕಾಯ್ ದ್ವೀಪವನ್ನು 2018ರಲ್ಲಿ ಆರು ತಿಂಗಳು ಪ್ರವಾಸಿಗರಿಗೆ ಮುಚ್ಚಿದ್ದಕ್ಕೆ ಮುಖ್ಯ ಕಾರಣವೇ ಸಮುದ್ರಕ್ಕೆ ಹರಿಯುತ್ತಿದ್ದ ಕೊಳಚೆ. ಕೊಳಚೆ ಕಡಲಪಾಚಿಗೆ ಗೊಬ್ಬರ, ಅದು ಜಾಸ್ತಿ ಬೆಳೆದು ಹವಳವನ್ನು ಮುಚ್ಚಿಬಿಡುತ್ತದೆ. ಸರಿಯಾದ ಉತ್ತರ ಸಿಗದಿದ್ದರೆ ಬೇರೆ ಕಡೆ ಉಳಿದುಕೊಳ್ಳಿ.

ಬೋಟಿನವರನ್ನು ಕೇಳಬೇಕಾದದ್ದು ಲಂಗರಿನ ವಿಷಯ. ಬೋಟ್ ಕಟ್ಟಲು ಅಲ್ಲಿ ತಳಕ್ಕೆ ಬಿಗಿದ ತೇಲುಗುಂಡು (ಬೋಯ್) ಇದೆಯಾ, ಇಲ್ಲ ಲಂಗರು ಎಸೆಯುತ್ತಾರಾ? ಲಂಗರಿಗಿಂತ ಅದರ ಸರಪಳಿಯೇ ಹೆಚ್ಚು ಹಾಳು ಮಾಡಬಹುದು. ಗಾಳಿಗೆ ಬೋಟ್ ತಿರುಗಿದ ಹಾಗೆಲ್ಲ ಅದೂ ತಳದಲ್ಲಿ ಎಳೆದಾಡಿ, ಕೊಂಬೆ ಹವಳವನ್ನು ಪುಡಿಪುಡಿ ಮಾಡಿ, ಪೊರಕೆಯಲ್ಲಿ ಗುಡಿಸಿದಂಥ ಬೋಳು ಜಾಗ ಉಳಿಸುತ್ತದೆ. ಬಂಡೆಯಂಥ ದಪ್ಪ ಹವಳ ವರ್ಷಕ್ಕೆ ಬೆಳೆಯುವುದೇ ಒಂದೆರಡು ಸೆಂಟಿಮೀಟರ್, ಎಷ್ಟೋ ಸಲ ಅಷ್ಟೂ ಇಲ್ಲ. ಕೆರಿಬಿಯನ್‌ನ ಬೊನೇರ್‌ನಲ್ಲಿ ಹವಳದ ಮೇಲೆ ಲಂಗರು ಹಾಕುವಂತೆಯೇ ಇಲ್ಲ, ಸುತ್ತಲಿನ ಸಮುದ್ರ 1979ರಿಂದ ಸಂರಕ್ಷಿತ.

ಇನ್ನು ನೀರಿಗಿಳಿದ ಮೇಲೆ ನಮ್ಮ ಸರದಿ. ಮೊದಲ ಡೈವ್ ಬರೀ ಮರಳಿರುವ ಕಡೆ ಮಾಡಿಸಿ ಅಂತ ಗೈಡ್‌ಗೆ ಹೇಳಿ. ನೀರಲ್ಲಿ ಮುಳುಗಲು ಸೊಂಟಕ್ಕೆ ಕಟ್ಟುವ ತೂಕದ ಬೆಲ್ಟ್ ಸರಿಯಾಗಿದೆಯಾ ಅಂತ ಅಲ್ಲೇ ನೋಡಿಕೊಳ್ಳಿ, ತೂಕ ಜಾಸ್ತಿಯಾದರೆ ಕಾಲು ಕೆಳಗಿಳಿದು, ಈಜಲು ಪಾದಕ್ಕೆ ಹಾಕಿದ ಫಿನ್ ಹವಳಕ್ಕೆ ತಾಗುತ್ತದೆ. ಒಮ್ಮೆ ನನ್ನ ಮುಂದಿದ್ದವರು ಫೋಟೋಗೆ ಅಂತ ನಿಂತು ಕಾಲು ಬಡಿದರು. ಎದ್ದ ಮರಳು ಮೆಲ್ಲಗೆ ಒಂದು ಹವಳದ ಮೇಲೆ ಇಳಿಯಿತು, ಚಾಚಿಕೊಂಡಿದ್ದ ಹವಳದ ಪುಟ್ಟ ಪುಟ್ಟ ಜೀವಿಗಳೆಲ್ಲ ಒಳಗೆ ಹೋದವು. ಅವರಿಗೆ ಅದು ಗೊತ್ತೇ ಆಗಲಿಲ್ಲ. ಹಾಗಾಗಿ ನೀರಿನಲ್ಲಿ ಹಗುರವಾಗಿ ನಿಲ್ಲುವುದು ಬರುವ ತನಕ ಕ್ಯಾಮೆರಾ ಬೋಟಿನಲ್ಲೇ ಇರಲಿ. ಕೈಗವಸೂ ಬೇಡ, ಅದಿದ್ದರೆ ಸುಮ್ನೆ ಮುಟ್ಟೋಣ ಅನಿಸುತ್ತದೆ, ಅಲ್ವಾ? ಬಿಸಿಲಿಗೆ ಕ್ರೀಮ್ ಬದಲು ತುಂಬುತೋಳಿನ ಈಜುಡುಗೆ ಹಾಕಿಕೊಳ್ಳಿ. ಹವಳಕ್ಕೆ ಕೇಡು ಮಾಡುವ ರಾಸಾಯನಿಕಗಳಿರುವ ಸನ್‌ಸ್ಕ್ರೀನನ್ನು ಪೆಸಿಫಿಕ್ ಸಾಗರದ ಪಲಾವ್ ದೇಶ 2020ರಲ್ಲೇ ನಿಷೇಧಿಸಿದೆ.

ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇಟ್ಟ ದ್ವೀಪವನ್ನೇ ಆರಿಸಿ. ಮಲೇಷ್ಯಾದ ಸಿಪಡಾನ್‌ನಲ್ಲಿ 2004ರಲ್ಲಿ ರೆಸಾರ್ಟ್‌ಗಳನ್ನೇ ತೆರವು ಮಾಡಿಸಿದರು. ಈಗ ಡೈವ್ ಮಾಡುವವರು ಪರವಾನಗಿ ಪಡೆದು ಹೋಗಿ ಅದೇ ದಿನ ವಾಪಸ್ ಬರಬೇಕು. ಥಾಯ್ಲೆಂಡ್‌ನ ಮಾಯಾ ಬೇ ಅನ್ನುವ ಕೊಲ್ಲಿ 2018ರಲ್ಲಿ ಮುಚ್ಚಿ 2022ರಲ್ಲಿ ತೆರೆಯಿತು, ಆ ಬಿಡುವಿನಲ್ಲಿ ಶಾರ್ಕ್‌ಗಳು ವಾಪಸ್ ಬಂದವು. ನಿಮಗೆ ಬೇಕಾದ ದಿನ ಪರವಾನಗಿ ಸಿಗಲಿಲ್ಲವಾ? ತಾರೀಖು ಬದಲಿಸಿ. ಜಾಸ್ತಿ ದುಡ್ಡು ಕೊಟ್ಟರೆ ಹೇಗಾದರೂ ಒಳಗೆ ಬಿಡಿಸುತ್ತೇನೆ ಅನ್ನುವ ಬೋಟ್ ಹತ್ತಬೇಡಿ.